ಅಡಿಕೆ ಲೆಕ್ಕದ ಸ್ಕ್ರಿಪ್ಟ್: ಪೈಥಾನ್‌ನಲ್ಲಿ ದೋಷಗಳನ್ನು ನಿಭಾಯಿಸುವ ಕ್ರಮ

ಶಿರಸಿಯ ಅಡಿಕೆ ವ್ಯಾಪಾರದಲ್ಲಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟುಗಳ ತೂಕವನ್ನೂ ದರವನ್ನೂ ಸಿಎಸ್‌ವಿ ಕಡತದಿಂದ (ಅಂಕಣಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಕಡತ) ಓದಿ, ಬೆಳೆಗಾರರ ಖಾತೆಗೆ ಮೊತ್ತ ಕೂಡಿಸುವ ಪೈಥಾನ್ ಸ್ಕ್ರಿಪ್ಟೊಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅದು ನಡುವೆ ನಿಂತರೆ ಕೆಲಸ ತಡವಾಗುತ್ತದೆ, ಅಷ್ಟೆ. ನಿಲ್ಲದೆ ತಪ್ಪು ಮೊತ್ತ ಕೊಟ್ಟರೆ ಯಾರದೋ ವರ್ಷದ ದುಡಿಮೆಯ ಲೆಕ್ಕ ಕೆಡುತ್ತದೆ. ಆದ್ದರಿಂದ ಪರಿಹಾರ ಗೊತ್ತಿರುವ ದೋಷವನ್ನು ಮಾತ್ರ ಹಿಡಿಯಬೇಕು, ಉಳಿದವು ಸ್ಕ್ರಿಪ್ಟನ್ನು ನಿಲ್ಲಿಸಲಿ.

ಮೊದಲು ದೋಷದ ವರದಿಯನ್ನು ಕೆಳಗಿನಿಂದ ಓದಿ. ದೋಷದ ಬಗೆ ಮತ್ತು ಕಾರಣ ಕೊನೆಯ ಸಾಲಿನಲ್ಲಿರುತ್ತವೆ; ಅದು ಹುಟ್ಟಿದ ಕಡತ ಮತ್ತು ಸಾಲಿನ ಸಂಖ್ಯೆ ಅದರ ಮೇಲಿರುತ್ತವೆ. ದರದ ಅಂಕಣದಲ್ಲಿ ‘48,500’ ಎಂದು ಅಲ್ಪವಿರಾಮ ಸಹಿತ ಬರೆದಿದ್ದರೆ ಪಠ್ಯವನ್ನು ದಶಮಾಂಶ ಸಂಖ್ಯೆಯಾಗಿಸುವ ಫ್ಲೋಟ್ ಅದನ್ನು ಸಂಖ್ಯೆಯೆಂದು ಒಪ್ಪದೆ ವ್ಯಾಲ್ಯೂಎರರ್ ಎಂಬ ದೋಷವನ್ನು ಎಸೆಯುತ್ತದೆ. ಆದರೆ ‘೪೮೫೦೦’ ಎಂದು ಕನ್ನಡ ಅಂಕಿಗಳಲ್ಲಿ ಬರೆದರೂ ತಕರಾರಿಲ್ಲದೆ ಓದಿಕೊಳ್ಳುತ್ತದೆ. ಇದು ಅನೇಕರಿಗೆ ತಿಳಿದಿಲ್ಲ.

ಬಳಿಕ, ಸಂಖ್ಯೆಯಾಗಿ ಪರಿವರ್ತಿಸುವ ಆ ಒಂದೆರಡು ಸಾಲುಗಳನ್ನಷ್ಟೇ ಟ್ರೈ (ದೋಷ ಬರಬಹುದಾದ ಸಾಲುಗಳ ಭಾಗ) ಒಳಗೆ ಇಟ್ಟು, ದೋಷ ಬಂದಾಗ ಓಡುವ ಎಕ್ಸೆಪ್ಟ್‌ನಲ್ಲಿ ವ್ಯಾಲ್ಯೂಎರರ್ ಎಂದು ಹೆಸರಿಸಿ, ಕೆಟ್ಟ ಸಾಲಿನ ಸಂಖ್ಯೆಯನ್ನೂ ಅದರ ಮೂಲ ಪಠ್ಯವನ್ನೂ ಒಂದು ಪಟ್ಟಿಗೆ ಸೇರಿಸಿ ಮುಂದಿನ ಸಾಲಿಗೆ ಹೋಗಿ. ಕಡತ ಓದುವ ಕೆಲಸವನ್ನೂ ಅದೇ ಟ್ರೈ ಒಳಗೆ ತುರುಕಬಾರದು, ಏಕೆಂದರೆ ಕಡತದ ಅಕ್ಷರ ಸಂಕೇತ ಹೊಂದದಿದ್ದಾಗ ಬರುವ ಯೂನಿಕೋಡ್‌ಡಿಕೋಡ್‌ಎರರ್ ಕೂಡ ವ್ಯಾಲ್ಯೂಎರರ್‌ನ ಒಳಬಗೆಯೇ ಆಗಿದ್ದು, ಇಡೀ ಕಡತದ ತೊಂದರೆ ಒಂದು ಸಾಲಿನ ತಪ್ಪಿನಂತೆ ದಾಖಲಾಗುತ್ತದೆ. ಬಗೆಯನ್ನೇ ಹೆಸರಿಸದೆ ಎಕ್ಸೆಪ್ಟ್ ಬರೆಯುವುದು ಇನ್ನೂ ಅಪಾಯಕಾರಿ: ಚರಾಕ್ಷರದ (ವೇರಿಯಬಲ್) ಹೆಸರು ತಪ್ಪಾಗಿ ಬರೆದದ್ದೂ, ನಿಲ್ಲಿಸಲೆಂದು ಒತ್ತಿದ ಕಂಟ್ರೋಲ್-ಸಿ ಕೂಡ ಅದರಲ್ಲಿ ನುಂಗಿಹೋಗುತ್ತವೆ. ಅದರ ಕೆಳಗೆ ಬರೇ ಪಾಸ್ (ಏನೂ ಮಾಡಬೇಡ) ಎಂದು ಬರೆದ ಸ್ಕ್ರಿಪ್ಟನ್ನು ಹಣದ ಲೆಕ್ಕಕ್ಕೆ ಬಳಸಲೇಬಾರದು.

ಪೈಥಾನ್ ಒಪ್ಪಿದರೂ ನಾವು ಒಪ್ಪಲಾಗದ ಮೌಲ್ಯಗಳಿವೆ. ಋಣ ತೂಕವನ್ನೂ ‘ನಾನ್’ ಎಂಬ ಸಂಖ್ಯೆಯಲ್ಲದ ಮೌಲ್ಯವನ್ನೂ ಫ್ಲೋಟ್ ಸ್ವೀಕರಿಸುತ್ತದೆ. ಒಂದೇ ಒಂದು ‘ನಾನ್’ ಸೇರಿದರೂ ಇಡೀ ಮೊತ್ತ ‘ನಾನ್’ ಆಗುತ್ತದೆ. ‘ತೂಕ ಸೊನ್ನೆಗಿಂತ ಕಡಿಮೆಯೇ’ ಎಂದು ಕೇಳಿದರೆ ಅದು ಸಿಕ್ಕುವುದಿಲ್ಲ, ಏಕೆಂದರೆ ‘ನಾನ್’ ಹೆಚ್ಚೇ ಕಡಿಮೆಯೇ ಎಂಬ ಎರಡೂ ಪ್ರಶ್ನೆಗೆ ಉತ್ತರ ‘ಇಲ್ಲ’. ‘ತೂಕ ಸೊನ್ನೆಗಿಂತ ಹೆಚ್ಚಿಲ್ಲದಿದ್ದರೆ’ ಎಂಬ ಷರತ್ತಿಟ್ಟು ನಾವೇ ರೈಸ್ ಬಳಸಿ ವ್ಯಾಲ್ಯೂಎರರ್ ಎಸೆಯಬೇಕು.

ಕಡತಗಳನ್ನು ವಿತ್ ಬಳಸಿ ತೆರೆಯಿರಿ. ದೋಷ ಬಂದರೂ ಅವು ಮುಚ್ಚಿಕೊಳ್ಳುತ್ತವೆ. ಆದರೆ ಘಟ್ಟದ ಮಳೆಗಾಲದಲ್ಲಿ ಕರೆಂಟು ಹೋಗಿ ಯಂತ್ರವೇ ಆರಿದರೆ ದೋಷ ಬಂದರೂ ಬಾರದಿದ್ದರೂ ಕೊನೆಗೆ ಓಡಬೇಕಾದ ಫೈನಲಿ ಭಾಗ ಕೂಡ ಓಡುವುದಿಲ್ಲ. ಅದಕ್ಕಾಗಿ ಫಲಿತಾಂಶವನ್ನು ಅದೇ ಫೋಲ್ಡರಿನ ತಾತ್ಕಾಲಿಕ ಕಡತಕ್ಕೆ ಪೂರ್ತಿ ಬರೆದು, ನಂತರವೇ ಓಎಸ್ ಮಾಡ್ಯೂಲಿನ ರಿಪ್ಲೇಸ್ ಮೂಲಕ ಹಳೆಯದರ ಜಾಗಕ್ಕೆ ತರಬೇಕು.

ಕೊನೆಯಲ್ಲಿ ಕೆಟ್ಟ ಸಾಲುಗಳ ಪಟ್ಟಿ ಖಾಲಿಯಿಲ್ಲದಿದ್ದರೆ ಖಾತೆಗೆ ಏನನ್ನೂ ಬರೆಯದೆ, ಪಟ್ಟಿಯನ್ನು ಲಾಗ್ ಕಡತದಲ್ಲಿಟ್ಟು, ಸ್ಕ್ರಿಪ್ಟನ್ನು ನಿರ್ಗಮನ ಸಂಕೇತ 1ರೊಂದಿಗೆ ಮುಗಿಸಿ. 0 ಬಂದರೆ ಮಾತ್ರ ಯಶಸ್ಸೆಂದು ಮುಂದಿನ ಸ್ಕ್ರಿಪ್ಟ್ ತಿಳಿಯುತ್ತದೆ.