ಐಸ್ ಹಾಕಿಯಲ್ಲಿ ಸಂಬಳ ಜಾಸ್ತಿ, ಆಟ ಕಮ್ಮಿ: ನಾನು ಲೆಕ್ಕ ಹಾಕುವ ರೀತಿ

ಟೊರಾಂಟೊ ಕಡೆ ನಾಲ್ಕು ಜನ ಕನ್ನಡದವರು ಸೇರಿದರೆ, ಚಳಿಗಾಲದಲ್ಲಿ ಮಾತು ಮೇಪಲ್ ಲೀಫ್ಸ್ ತಂಡಕ್ಕೆ ಬಂದೇ ಬರುತ್ತದೆ. ಆಮೇಲೆ ವಾದ ಶುರು. ಯಾರಿಗೆ ಸುಮ್ನೆ ದುಡ್ಡು ಸುರಿದರು, ಯಾರು ಸಂಬಳಕ್ಕೆ ತಕ್ಕ ಹಾಗೆ ಆಡುತ್ತಿಲ್ಲ ಅಂತ. ಈ ವಾದಕ್ಕೆ ಒಂದು ಲೆಕ್ಕ ಇರಲಿ ಎಂದು ನಾನು ಎಕ್ಸೆಲ್‌ನಲ್ಲಿ ಒಂದು ಶೀಟ್ ಇಟ್ಟುಕೊಂಡಿದ್ದೇನೆ. ಪ್ರತಿ ವರ್ಷ ಜುಲೈ 1ರ ಹೊತ್ತಿಗೆ, ಅಂದರೆ ಒಪ್ಪಂದ ಮುಗಿದ ಆಟಗಾರರು ಹೊಸ ತಂಡಗಳಿಗೆ ಸಹಿ ಹಾಕುವ ದಿನಕ್ಕೆ ಮುಂಚೆ, ಅದನ್ನು ಹೊಸದಾಗಿ ತುಂಬುತ್ತೇನೆ.

ಊರಿನಲ್ಲಿ ಓದುತ್ತಿರುವವರಿಗೆ ಒಂದು ಮಾತು. ಇದು ನಮ್ಮ ಕೊಡಗಿನ ಹಾಕಿ ಅಲ್ಲ, ಮಂಜಿನ ಮೇಲೆ ಆಡುವ ಹಾಕಿ. ಎನ್‌ಎಚ್‌ಎಲ್ ಅನ್ನುವ ಲೀಗಿನಲ್ಲಿ ಅಮೆರಿಕ ಮತ್ತು ಕೆನಡಾದ 32 ತಂಡಗಳಿವೆ. 2004-05ರಲ್ಲಿ ಮಾಲೀಕರು ಬಾಗಿಲು ಹಾಕಿ ಇಡೀ ಸೀಸನ್ನೇ ರದ್ದಾಯಿತು. ಅದಾದ ಮೇಲೆ ಬಂದದ್ದು ಸಂಬಳದ ಮಿತಿ, ಎಲ್ಲರ ಬಾಯಲ್ಲೂ 'ಕ್ಯಾಪ್'. ಒಂದು ತಂಡ ತನ್ನ ಆಟಗಾರರಿಗೆಲ್ಲ ಸೇರಿ ಇಷ್ಟೇ ಖರ್ಚು ಮಾಡಬೇಕು. ಮೊದಲ ವರ್ಷ ಅದು 3.9 ಕೋಟಿ ಡಾಲರ್ ಇತ್ತು. 2025-26ಕ್ಕೆ 9.55 ಕೋಟಿ. ಮಾಲೀಕ ಎಷ್ಟೇ ಶ್ರೀಮಂತನಾದರೂ ಈ ಗೆರೆ ದಾಟುವ ಹಾಗಿಲ್ಲ. ಹಾಗಾಗಿ ಒಬ್ಬನಿಗೆ ಜಾಸ್ತಿ ಕೊಟ್ಟರೆ ಇನ್ನೊಬ್ಬನಿಗೆ ಕೊಡಲು ಉಳಿಯುವುದಿಲ್ಲ.

ಆದ್ದರಿಂದ ನನ್ನ ಶೀಟಿನ ಮೊದಲ ಕಾಲಂನಲ್ಲಿ ಡಾಲರ್ ಇಲ್ಲ, ಕ್ಯಾಪಿನ ಶೇಕಡಾವಾರು ಇದೆ. ಒಪ್ಪಂದದ ಒಟ್ಟು ಮೊತ್ತವನ್ನು ವರ್ಷಗಳಿಂದ ಭಾಗಿಸಿ, ಬಂದ ಸರಾಸರಿಯನ್ನು ಆ ವರ್ಷದ ಕ್ಯಾಪಿಗೆ ಹೋಲಿಸುತ್ತೇನೆ. 90 ಲಕ್ಷ ಡಾಲರ್ ಅಂದರೆ 2019ರಲ್ಲಿ ತಂಡದ ನೂರರಲ್ಲಿ 11 ಪಾಲು. ಈಗ ಅದೇ 90 ಲಕ್ಷ ಒಂಬತ್ತೂವರೆ ಪಾಲೂ ಇಲ್ಲ. ಹತ್ತು ವರ್ಷ ಹಿಂದಿನ ಸಂಬಳವನ್ನು ಇವತ್ತಿನದರ ಪಕ್ಕ ಹಾಗೇ ಇಟ್ಟು ಮಾತಾಡಿದರೆ ವಾದ ಎಲ್ಲಿಗೂ ಹೋಗುವುದಿಲ್ಲ. ಒಪ್ಪಂದದ ವಿವರಕ್ಕೆ ಮೊದಲು ಕ್ಯಾಪ್‌ಫ್ರೆಂಡ್ಲಿ ಅನ್ನುವ ವೆಬ್‌ಸೈಟ್ ನೋಡುತ್ತಿದ್ದೆ. 2024ರಲ್ಲಿ ಅದನ್ನು ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡವೇ ಕೊಂಡು, ಜನರಿಗೆ ಮುಚ್ಚಿಬಿಟ್ಟಿತು. ಈಗ ಪಕ್‌ಪೀಡಿಯ.

ಇನ್ನು ಆಟವನ್ನು ಅಳೆಯುವುದು. ಒಟ್ಟು ಪಾಯಿಂಟ್ ಅಂದರೆ ಗೋಲು ಮತ್ತು ಗೋಲಿಗೆ ಕೊಟ್ಟ ಪಾಸು (ಅಸಿಸ್ಟ್) ಎರಡೂ ಸೇರಿ. ಅದನ್ನು ನಾನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ಎರಡೂ ಕಡೆ ಐದೈದು ಜನ ಇರುವಾಗ, 60 ನಿಮಿಷಕ್ಕೆ ಎಷ್ಟು ಪಾಯಿಂಟ್ ಬಂತು ಅನ್ನುವುದನ್ನು. ಎದುರಾಳಿ ಪೆನಾಲ್ಟಿಯಲ್ಲಿ ಕೂತಾಗ, ಅಂದರೆ ಪವರ್ ಪ್ಲೇಯಲ್ಲಿ, ಒಳ್ಳೆಯ ಜೊತೆಗಾರರು ಸಿಕ್ಕರೆ ಯಾರ ಅಂಕಿಯೂ ಊದಿಕೊಳ್ಳುತ್ತದೆ. ಆಮೇಲೆ, ಹೊಡೆದ ಶಾಟ್‌ಗಳಲ್ಲಿ ಎಷ್ಟು ಗೋಲಾದವು ಅನ್ನುವ ಪ್ರಮಾಣ. ವರ್ಷಗಟ್ಟಲೆ ಒಂದೇ ಮಟ್ಟದಲ್ಲಿದ್ದವನ ಪ್ರಮಾಣ ಒಂದು ಸೀಸನ್ನಿಗೆ ಮಾತ್ರ ಏರಿದ್ದರೆ ಅದು ಮುಂದಿನ ವರ್ಷ ಇಳಿಯುತ್ತದೆ ಅಂತಲೇ ಇಟ್ಟುಕೊಳ್ಳುತ್ತೇನೆ. ಒಂದೇ ವರ್ಷ ನಂಬುವುದಿಲ್ಲ. ಮೂರು ಸೀಸನ್ ತೆಗೆದುಕೊಂಡು ಇತ್ತೀಚಿನದಕ್ಕೆ ಹೆಚ್ಚು ತೂಕ ಕೊಡುತ್ತೇನೆ.

ಡೇವಿಡ್ ಕ್ಲಾರ್ಕ್‌ಸನ್ ಉದಾಹರಣೆ ಬಿಡಿಸಿ ಹೇಳಲೇಬೇಕು. ಇಲ್ಲಿನ ಅಭಿಮಾನಿಗಳಿಗೆ ಇದು ಇವತ್ತಿಗೂ ನೋವಿನ ವಿಷಯ. ಅವರು ಟೊರಾಂಟೊದಲ್ಲೇ ಹುಟ್ಟಿದವರು. ನ್ಯೂಜೆರ್ಸಿ ತಂಡದಲ್ಲಿ 2010-11ರಲ್ಲಿ ಹೊಡೆದದ್ದು 12 ಗೋಲು. ಮರುವರ್ಷ ಏಕಾಏಕಿ 30. ಅದಕ್ಕೂ ಹಿಂದೆ ಯಾವ ವರ್ಷವೂ 20 ಮುಟ್ಟಿರಲಿಲ್ಲ. 2013ರ ಜುಲೈನಲ್ಲಿ ಲೀಫ್ಸ್ ಅವರನ್ನು 7 ವರ್ಷಕ್ಕೆ, ವರ್ಷಕ್ಕೆ 52.5 ಲಕ್ಷ ಡಾಲರಿನಂತೆ ಕರೆತಂದಿತು. ಆಗ ಅವರ ವಯಸ್ಸು 29. ಆ ವರ್ಷದ ಕ್ಯಾಪ್ 6.43 ಕೋಟಿ, ಅಂದರೆ ಪಾಲು ನೂರಕ್ಕೆ ಎಂಟಕ್ಕಿಂತ ಮೇಲೆ. ಮೊದಲ ಸೀಸನ್ 60 ಪಂದ್ಯ, 5 ಗೋಲು, 6 ಅಸಿಸ್ಟ್. ಅಷ್ಟೇ.

ಇಂಥ ಒಪ್ಪಂದದಿಂದ ಹೊರಬರಲು ಸಾಮಾನ್ಯ ದಾರಿ ಬೈಔಟ್. 26 ದಾಟಿದ ಆಟಗಾರನಿಗೆ ಉಳಿದ ಸಂಬಳದ ಮೂರರಲ್ಲಿ ಎರಡು ಪಾಲು ಕೊಟ್ಟು, ಅದನ್ನು ಉಳಿದ ವರ್ಷಗಳ ಎರಡರಷ್ಟು ಅವಧಿಗೆ ಹಂಚಬಹುದು. ಆದರೆ ಒಪ್ಪಂದಕ್ಕೆ ಸಹಿ ಹಾಕಿದ್ದಕ್ಕೆ ಸಿಗುವ ಬೋನಸ್‌ನಲ್ಲಿ ಒಂದು ಕಾಸೂ ಕಡಿತ ಆಗುವುದಿಲ್ಲ. ಕ್ಲಾರ್ಕ್‌ಸನ್ ಒಪ್ಪಂದದ ದೊಡ್ಡ ಭಾಗ ಈ ಬೋನಸ್ಸೇ ಆಗಿತ್ತು. ಬೈಔಟ್ ಮಾಡಿದರೂ ಲಾಭ ಇಲ್ಲ. ಅಂದಿನಿಂದ ನನ್ನ ಶೀಟಿನಲ್ಲಿ ಬೋನಸ್ಸಿಗೆ ಬೇರೆ ಕಾಲಂ ಇದೆ. ಸಂಬಳ ಜಾಸ್ತಿ ಆಗಿದ್ದರೆ ಅದು ಒಂದು ತೊಂದರೆ. ಅದರಿಂದ ಬಿಡಿಸಿಕೊಳ್ಳಲು ಬಾಗಿಲೇ ಇಲ್ಲದಿದ್ದರೆ ಅದು ಇನ್ನೂ ದೊಡ್ಡ ತೊಂದರೆ.

ಕೊನೆಗೆ 2015ರ ಫೆಬ್ರವರಿಯಲ್ಲಿ ಕೊಲಂಬಸ್ ತಂಡ ಕ್ಲಾರ್ಕ್‌ಸನ್ ಅವರನ್ನು ತೆಗೆದುಕೊಂಡಿತು. ಬದಲಿಗೆ ಕೊಟ್ಟದ್ದು ನೇಥನ್ ಹಾರ್ಟನ್ ಅವರನ್ನು, ಬೆನ್ನಿನ ತೊಂದರೆಯಿಂದ ಮತ್ತೆ ಆಡಲಾಗದ ಆಟಗಾರನನ್ನು. ಕೊಲಂಬಸ್ ಹಾರ್ಟನ್ ಒಪ್ಪಂದಕ್ಕೆ ವಿಮೆ ಮಾಡಿಸಿರಲಿಲ್ಲ. ಕೂತವನಿಗೆ ಕೊಡುವ ದುಡ್ಡನ್ನು ಆಡುವವನಿಗೆ ಕೊಡೋಣ ಅಂದುಕೊಂಡರು. ಟೊರಾಂಟೊಗೆ ಆಡಲಾಗದವನೇ ಅನುಕೂಲ. ದೀರ್ಘ ಗಾಯದ ಪಟ್ಟಿಗೆ ಹಾಕಿದರೆ ಆ ಸಂಬಳದಷ್ಟು ಕ್ಯಾಪ್ ಮೀರಲು ಆಗ ಅವಕಾಶ ಸಿಗುತ್ತಿತ್ತು. ಇಡೀ ಲೀಗಿನಲ್ಲಿ, ಮಂಜಿಗೆ ಇಳಿಯದ ಆಟಗಾರ ಇಳಿಯುವವನಿಗಿಂತ ಬೆಲೆಬಾಳುವ ಸ್ಥಿತಿಗೆ ಒಂದು ಒಪ್ಪಂದ ತಂಡವನ್ನು ತಂದಿಟ್ಟಿತ್ತು. 2019ರಲ್ಲಿ, ಗಾಯದಿಂದ ಆಡುವುದು ನಿಂತಿದ್ದ ಕ್ಲಾರ್ಕ್‌ಸನ್ ಒಪ್ಪಂದವನ್ನು, ಅಷ್ಟರಲ್ಲಿ ಅದು ಸೇರಿದ್ದ ವೇಗಸ್ ತಂಡದಿಂದ ಲೀಫ್ಸ್ ವಾಪಸ್ ತಂದದ್ದೂ ಇದೇ ಪಟ್ಟಿಗಾಗಿ.

ಜೆಫ್ ಸ್ಕಿನ್ನರ್ ಕಥೆಯೂ ಹತ್ತಿರದ್ದೇ. 2018-19ರಲ್ಲಿ ಬಫಲೋ ತಂಡದ ಪರ 40 ಗೋಲು, ಕೂಡಲೇ 8 ವರ್ಷಕ್ಕೆ 7.2 ಕೋಟಿ. ಮುಂದಿನೆರಡು ಸೀಸನ್ 14 ಮತ್ತು 7. ಆಮೇಲೆ 33, 35 ಹೊಡೆದರು ಅನ್ನುವುದನ್ನು ಜನ ಮರೆಯುತ್ತಾರೆ. 2024ರಲ್ಲಿ ಬೈಔಟ್ ಆದರು. ಮೂರು ವರ್ಷ ಉಳಿದಿತ್ತು, ಹಾಗಾಗಿ ಆರು ವರ್ಷ ಬಫಲೋ ಲೆಕ್ಕದಲ್ಲಿ ಅವರ ಹೆಸರಿರುತ್ತದೆ.

ಆದರೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಜೊನಾಥನ್ ಹ್ಯೂಬರ್ಡೋ. 2021-22ರಲ್ಲಿ ಫ್ಲೋರಿಡಾಗೆ 115 ಪಾಯಿಂಟ್. ಆ ಬೇಸಿಗೆಯಲ್ಲಿ ಮ್ಯಾಥ್ಯೂ ಟ್ಕಾಚುಕ್ ಬದಲಿಗೆ ಕ್ಯಾಲ್ಗರಿಗೆ ಬಂದರು. ಕ್ಯಾಲ್ಗರಿ ಜೆರ್ಸಿಯಲ್ಲಿ ಒಂದೂ ಪಂದ್ಯ ಆಡುವ ಮೊದಲೇ 8 ವರ್ಷಕ್ಕೆ 8.4 ಕೋಟಿಯ ಸಹಿ ಆಯಿತು. ಮೊದಲ ಸೀಸನ್ 55 ಪಾಯಿಂಟ್. ಹೊಸ ಸಂಬಳ ಶುರುವಾಗುವುದೇ ಅದರ ಮರುವರ್ಷದಿಂದ! ಆಗ 52. ಜೊತೆಗಾರರು ಬೇರೆ, ಆಡಿಸುವ ರೀತಿ ಬೇರೆ, ಪವರ್ ಪ್ಲೇ ಬೇರೆ. 115ನ್ನು ತಂದುಕೊಟ್ಟದ್ದು ಒಬ್ಬರೇ ಅಲ್ಲ, ಇಡೀ ತಂಡ. ಪಿಯರ್-ಲುಕ್ ಡುಬ್ವಾ ಇದಕ್ಕೆ ಉಲ್ಟಾ. 85 ಲಕ್ಷ ಡಾಲರಿಗೆ ಲಾಸ್ ಏಂಜಲೀಸ್‌ನಲ್ಲಿ 40 ಪಾಯಿಂಟ್, ಅದೇ ಸಂಬಳಕ್ಕೆ ಮರುವರ್ಷ ವಾಷಿಂಗ್ಟನ್‌ನಲ್ಲಿ 66. ತಂಡ ಬದಲಾದವರ ಹೆಸರಿನ ಮುಂದೆ, ಹೊಸ ಕಡೆ ಒಂದು ಸೀಸನ್ ಮುಗಿಯುವ ತನಕ ಸಂಬಳಕ್ಕೆ ತಕ್ಕ ಆಟವೋ ಅಲ್ಲವೋ ಅಂತ ತೋರಿಸುವ ಬಣ್ಣವನ್ನು ನಾನು ಶೀಟಿನಲ್ಲಿ ತುಂಬುವುದಿಲ್ಲ.

ಹೋಲಿಸುವಾಗ ಒಂದು ಎಚ್ಚರ ಬೇಕು. ಹೊಸದಾಗಿ ಲೀಗಿಗೆ ಬಂದ ಹುಡುಗರ ಮೂಲ ಸಂಬಳಕ್ಕೆ ನಿಯಮವೇ ಕಟ್ಟು ಹಾಕಿದೆ, ಸುಮಾರು ಹತ್ತು ಲಕ್ಷ ಡಾಲರಿಗೆ. ಅವರ ಪಕ್ಕ ಇಟ್ಟರೆ ಎಂಥ ದೊಡ್ಡ ಆಟಗಾರನೂ ದುಬಾರಿಯಾಗಿಯೇ ಕಾಣುತ್ತಾನೆ. ಮುಕ್ತವಾಗಿ ಬೆಲೆ ಕೇಳಬಲ್ಲವರನ್ನು ಅಂಥವರ ಜೊತೆಗೇ ಹೋಲಿಸಬೇಕು, ಅಲ್ವಾ? ಗೋಲ್‌ಕೀಪರ್‌ಗಳಿಗೆ ನನ್ನಲ್ಲಿ ಬೇರೆ ಶೀಟೇ ಇದೆ. ಸೆರ್ಗೇ ಬಾಬ್ರೋವ್‌ಸ್ಕಿ ವರ್ಷಕ್ಕೆ 1 ಕೋಟಿ ಡಾಲರಿಗೆ 2019ರಲ್ಲಿ ಫ್ಲೋರಿಡಾ ಸೇರಿದಾಗ, ಲೀಗಿನ ಅತಿ ಕೆಟ್ಟ ಒಪ್ಪಂದಗಳ ಮಾತು ಬಂದರೆ ಅವರ ಹೆಸರೂ ಬರುತ್ತಿತ್ತು. 2023ರ ಪ್ಲೇಆಫ್ ಶುರುವಾದಾಗ ಬೆಂಚಿನಲ್ಲಿದ್ದರು. ಮಧ್ಯದಲ್ಲಿ ಇಳಿದು ತಂಡವನ್ನು ಫೈನಲ್‌ಗೆ ಕರೆದೊಯ್ದರು. 2024 ಮತ್ತು 2025ರಲ್ಲಿ ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಎತ್ತಿದರು. ಅದೇ ಸಂಬಳ, ಅದೇ ಮನುಷ್ಯ.

"ಆಡದೇ ಇದ್ದರೂ ಅಷ್ಟು ದುಡ್ಡು ತಗೊಳ್ತಾರಲ್ಲ ಮಾರಾಯ, ನಾಚಿಕೆ ಆಗಲ್ವಾ?" ಅಂತ ಮಂಗಳೂರಿನ ಗೆಳೆಯನೊಬ್ಬ ಯಾವಾಗಲೂ ಕೇಳುತ್ತಾನೆ. ನಾನು ಆಟಗಾರನನ್ನು ಬೈಯುವುದಿಲ್ಲ. ಎದುರಿಗಿಟ್ಟ ಕಾಗದಕ್ಕೆ ಅವನು ಸಹಿ ಹಾಕಿದ. ಅಳೆಯಬೇಕಾದದ್ದು ಆ ಕಾಗದ ಇಟ್ಟ ಜನರಲ್ ಮ್ಯಾನೇಜರ್ ಕೆಲಸವನ್ನು. ಇನ್ನೊಂದು ವಿಷಯ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. 2013ರ ಒಪ್ಪಂದದಿಂದ ಲೀಗಿನ ಹಾಕಿ ಆದಾಯದಲ್ಲಿ ಆಟಗಾರರಿಗೆಲ್ಲ ಸೇರಿ ಅರ್ಧ ಪಾಲು. ಅದಕ್ಕಿಂತ ಹೆಚ್ಚು ಹೋಗದಂತೆ ಪ್ರತಿಯೊಬ್ಬರ ಸಂಬಳದಿಂದ ಒಂದಷ್ಟು ಹಿಡಿದಿಡುತ್ತಾರೆ, ಅದಕ್ಕೆ ಎಸ್ಕ್ರೋ ಅನ್ನುತ್ತಾರೆ. ಆದ್ದರಿಂದ ಒಬ್ಬನಿಗೆ ಹೆಚ್ಚಾಗಿ ಹೋದ ದುಡ್ಡು ಹೆಚ್ಚಾಗಿ ಬರುವುದು ಮಾಲೀಕನ ಜೇಬಿನಿಂದ ಅಲ್ಲ, ಉಳಿದ ಆಟಗಾರರ ಪಾಲಿನಿಂದ. ನಾಲ್ಕನೇ ಲೈನಿನಲ್ಲಿ, ಅಂದರೆ ಎಲ್ಲರಿಗಿಂತ ಕಡಿಮೆ ಹೊತ್ತು ಆಡುವ ಗುಂಪಿನಲ್ಲಿ, ಕನಿಷ್ಠ ಸಂಬಳಕ್ಕೆ ಎದೆಯೊಡ್ಡಿ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ತಡೆಯುವ ಹುಡುಗನ ಪಾಲೂ ಅದರಲ್ಲಿದೆ. ಅದಕ್ಕೇ ನನ್ನ ಶೀಟಿನಲ್ಲಿ ಪ್ರತಿ ತಂಡದ ಕೆಳಗೆ ಅಂಥ ಹುಡುಗರ ಹೆಸರೂ ಬರೆದಿಟ್ಟಿರುತ್ತೇನೆ, ಸಂಬಳದ ಸಮೇತ.