ತಂದೆ ಕಟ್ಟಿಸಿದ ಬಾಡಿಗೆ ಕಟ್ಟಡ: ದುರಸ್ತಿ ಮಾಳಿಗೆಯಿಂದ ಕೆಳಗಿಳಿಯಲಿ

ಬೆಳಗಾವಿಯ ಟಿಳಕವಾಡಿ, ಹಿಂದವಾಡಿ, ಶಹಾಪುರ ಭಾಗಗಳಲ್ಲಿ 30-40 ವರ್ಷಗಳ ಹಿಂದೆ ಎದ್ದ ಮೂರಂತಸ್ತಿನ, ಆರೇಳು ಮನೆಗಳ ಬಾಡಿಗೆ ಕಟ್ಟಡಗಳು ಈಗ ಒಂದೊಂದಾಗಿ ಮಕ್ಕಳ ಕೈಗೆ ಬರುತ್ತಿವೆ. ಕೈಗೆ ಬಂದ ಮೊದಲ ಬೇಸಿಗೆಯಲ್ಲಿಯೇ ಹೊರಗೋಡೆಗೆ ಬಣ್ಣ, ಮೆಟ್ಟಿಲಿಗೆ ಗ್ರಾನೈಟ್, ಹಜಾರಕ್ಕೆ ಹೊಳೆಯುವ ಟೈಲ್ಸ್ ಹಾಕಿಸಿ, ಆಗಸ್ಟಿನ ಮಳೆಗೆ ಆ ಬಣ್ಣ ಹಪ್ಪಳದಂತೆ ಉಬ್ಬಿ ಉದುರುವುದನ್ನು ಕೈಕಟ್ಟಿ ನೋಡಿದ ಮಾಲೀಕರು ಕಡಿಮೆಯೇನಿಲ್ಲ. ನಾನೂ ಅವರಲ್ಲಿ ಒಬ್ಬ. "ಸಾಹೇಬ್ರ, ಮೊದಲ ಮ್ಯಾಲಿಂದು ನೋಡ್ರಿ, ಬಣ್ಣ ಎಲ್ಲಿ ಓಡಿ ಹೋಗತೈತಿ?" ಎಂದು ಹಳೆಯ ಗೌಂಡಿಯೊಬ್ಬರು (ಗಾರೆ ಕೆಲಸದವರು) ಹೇಳಿದ್ದನ್ನು ಕೇಳದೆ, ಬಣ್ಣ ಹಚ್ಚಿಸಲು ಒಮ್ಮೆ, ಅದನ್ನು ಕೆರೆಸಲು ಇನ್ನೊಮ್ಮೆ ಕೂಲಿ ಕೊಟ್ಟೆ. ಆದ್ದರಿಂದ ಈ ಕ್ರಮವನ್ನು ಬದಲಿಸಬೇಡಿ: ಕಾಗದಪತ್ರ, ಮಾಳಿಗೆ (ಅಂದರೆ ತಾರಸಿ), ನೀರಿನ ಕೊಳವೆ, ವಿದ್ಯುತ್ತು, ಮನೆಯೊಳಗಿನ ಕೆಲಸ. ಬಣ್ಣದ ಸರದಿ ಕೊನೆಗೆ.

ಮೊದಲ ಹೆಜ್ಜೆ: ಕಾಗದಪತ್ರ

ಸಿಟಿ ಸರ್ವೇ ಉತಾರದಲ್ಲಿಯೂ (ಆಸ್ತಿಯ ದಾಖಲೆ ಪತ್ರ) ಮಹಾನಗರ ಪಾಲಿಕೆಯ ಖಾತೆಯಲ್ಲಿಯೂ ವಾರಸುದಾರರ ಹೆಸರು ಏರುವ ಮುನ್ನ ಒಂದು ಚೀಲ ಸಿಮೆಂಟನ್ನೂ ತರಬೇಡಿ. ಮೃತ್ಯುಪತ್ರ ಬರೆಯದೆ ತೀರಿಕೊಂಡ ಹಿಂದೂ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ತಾಯಿಗೂ ಅಣ್ಣ-ತಮ್ಮಂದಿರಿಗೂ ಇರುವಷ್ಟೇ ಪಾಲು ಮದುವೆಯಾಗಿ ಹೋದ ಅಕ್ಕ-ತಂಗಿಯರಿಗೂ ಇದೆ. ಅವರನ್ನು ಕೇಳದೆ ಒಬ್ಬರೇ ಮಾಡಿದ ಖರ್ಚನ್ನು ನಾಳೆ ವಾಟ್ನಿಯ, ಅಂದರೆ ಆಸ್ತಿ ಪಾಲಾಗುವ, ಹೊತ್ತಿಗೆ ಯಾರೂ ಒಪ್ಪುವುದಿಲ್ಲ. ಎಷ್ಟು ಖರ್ಚು, ಯಾರ ಹಣ, ಬಾಡಿಗೆಯಿಂದ ಅದು ಹೇಗೆ ಮರಳಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ಪಡೆಯಿರಿ.

ಎರಡನೆಯ ಹೆಜ್ಜೆ: ಮಾಳಿಗೆ

ಹೆಚ್ಚಿನವರು ಎಡವುವುದು ಇಲ್ಲಿಯೇ. ಸೋರುವ ಜಾಗವನ್ನು ಪತ್ತೆ ಮಾಡದೆ ನೇರವಾಗಿ ನೀರು ತಡೆಯುವ ಲೇಪನದ ಡಬ್ಬಿ ಖರೀದಿಸಲು ಹೊರಡುತ್ತಾರೆ. ಮಳೆಗಾಲದಲ್ಲಿ ಮಾತ್ರ ಹಸಿಯಾಗುವ ಕಲೆ ಸಾಮಾನ್ಯವಾಗಿ ಮಾಳಿಗೆಯದು. ವರ್ಷವಿಡೀ ಹಸಿಯಾಗಿರುವ ಕಲೆ ಮೇಲಿನ ಮನೆಯ ಬಚ್ಚಲದ್ದು ಅಥವಾ ಟ್ಯಾಂಕಿನಿಂದ ಇಳಿಯುವ ಕೊಳವೆಯದು, ಅದಕ್ಕೆ ಮಾಳಿಗೆಯ ಮೇಲೆ ಎಷ್ಟು ಸುರಿದರೂ ಉಪಯೋಗವಿಲ್ಲ. ಅನುಮಾನವಿದ್ದರೆ ಮಾಳಿಗೆಯ ನೀರು ಇಳಿಯುವ ಬಾಯಿಗಳನ್ನು ಮುಚ್ಚಿ, 2 ಇಂಚು ನೀರನ್ನು 48 ಗಂಟೆ ನಿಲ್ಲಿಸಿ. ಇದಕ್ಕೆ ಮುನ್ನ ಕೆಳಗಿನ ಮನೆಯ ಚಾವಣಿಯಲ್ಲಿರುವ ಪ್ರತಿ ಕಲೆಯ ಅಂಚಿಗೂ ಪೆನ್ಸಿಲ್ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ, ಹೊತ್ತು ಬರೆದಿಡಿ. ಮೂರನೆಯ ದಿನ ಕಲೆ ಆ ಗೆರೆಯನ್ನು ದಾಟಿದ್ದರೆ ಕಳ್ಳ ಸಿಕ್ಕಂತೆ. 2 ಇಂಚು ನೀರು ಎಂದರೆ ಪ್ರತಿ ಚದರ ಮೀಟರಿಗೆ 50 ಕಿಲೋ ಭಾರ. ಚಾವಣಿಯ ಕಬ್ಬಿಣ ಈಗಾಗಲೇ ಹೊರಗೆ ಕಾಣುತ್ತಿದ್ದರೆ ಈ ಪರೀಕ್ಷೆ ಬೇಡ, ಮೊದಲು ಸ್ಟ್ರಕ್ಚರಲ್ ಎಂಜಿನಿಯರರನ್ನು ಕರೆಯಿರಿ.

ಅನಂತರ ಸುತ್ತಿಗೆಯ ಹಿಡಿಯಿಂದ ಮಾಳಿಗೆಯನ್ನು ಅಡಿಗೊಮ್ಮೆ ತಟ್ಟುತ್ತ ಹೋಗಿ. ಟೊಳ್ಳು ಸದ್ದು ಬಂದಲ್ಲಿ ಹಳೆಯ ಕೋಬಾ, ಅಂದರೆ ಇಟ್ಟಿಗೆ ಚೂರಿನ ಗಾರೆಯ ಪದರ, ತನ್ನ ತಳವನ್ನು ಬಿಟ್ಟಿರುತ್ತದೆ, ಅದನ್ನು ಒಡೆದು ತೆಗೆಸಲೇಬೇಕು. ಹಳೆಯದರ ಮೇಲೆಯೇ ಇನ್ನೊಂದು ಕೋಬಾ ಹಾಕಿಬಿಡೋಣ ಎಂಬ ಸಲಹೆ ನಿಮಗೆ ಖಂಡಿತ ಬರುತ್ತದೆ, ಒಪ್ಪಬೇಡಿ. 1,000 ಚದರ ಅಡಿಯ ಮಾಳಿಗೆಯ ಮೇಲೆ 4 ಇಂಚಿನ ಪದರವೆಂದರೆ ಸುಮಾರು 18 ಟನ್. 40 ವರ್ಷದ ಸ್ಲ್ಯಾಬಿನ ತಲೆಯ ಮೇಲೆ ಕಬ್ಬು ತುಂಬಿದ ಟ್ರ್ಯಾಕ್ಟರನ್ನು ಶಾಶ್ವತವಾಗಿ ನಿಲ್ಲಿಸಿದಂತೆ.

ಬಿರುಕುಗಳನ್ನು ಮೇಲೆ ಮೇಲೆ ಸಿಮೆಂಟ್ ನೀರಿನಿಂದ ಮುಚ್ಚಿದರೆ ಮುಂದಿನ ಬೇಸಿಗೆಗೆ ಅವು ಮತ್ತೆ ಬಾಯಿ ಬಿಡುತ್ತವೆ. ಬಿರುಕಿನ ಉದ್ದಕ್ಕೂ ಅರ್ಧ ಇಂಚು ಅಗಲ, ಅರ್ಧ ಇಂಚು ಆಳದ ಕಾಲುವೆ ಕೊರೆಸಿ, ಧೂಳನ್ನು ಊದಿಸಿ, ನೀರು ಚಿಮುಕಿಸಿ, ಪಾಲಿಮರ್ ಬೆರೆಸಿದ ಗಾರೆಯನ್ನು ಒತ್ತಿ ತುಂಬಿಸಿ. ಪ್ಯಾರಾಪೆಟ್ ಗೋಡೆಯೂ ಮಾಳಿಗೆಯೂ ಕೂಡುವ ಮೂಲೆಯಲ್ಲಿ ಸುತ್ತಲೂ 3 ಇಂಚಿನ ಗುಂಡಾದ ಗಾರೆಯ ಅಂಚು ಇರಲಿ, ಏಕೆಂದರೆ ಬಹುತೇಕ ಸೋರಿಕೆ ಆರಂಭವಾಗುವುದು ಆ ಚೂಪು ಮೂಲೆಯಿಂದಲೇ. ಇಳಿಜಾರು 10 ಅಡಿಗೆ ಒಂದೂವರೆ ಇಂಚಿನಷ್ಟು ಇರಬೇಕು. ಕಣ್ಣಳತೆಯನ್ನು ನಂಬದೆ, ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮಟ್ಟ ನೋಡಿಸಿ.

ಲೇಪನ ಕೊನೆಯ ಕೆಲಸ. ತೆಳುವಾದ ಪ್ರೈಮರ್ ಪದರ ಒಣಗಿದ ಮೇಲೆ ಒಂದು ಕೈ ಉದ್ದಕ್ಕೆ, ಅದು ಒಣಗಿದ ಮೇಲೆ ಇನ್ನೊಂದು ಕೈ ಅಡ್ಡಕ್ಕೆ ಹಚ್ಚಿಸಿ. ಮೂಲೆಗಳಲ್ಲಿ ಎರಡು ಪದರಗಳ ನಡುವೆ ಫೈಬರ್ ಜಾಲರಿ ಕೂರಿಸಿ, ಗೋಡೆಯ ಮೇಲೂ ಒಂದಡಿ ಏರಿಸಿ. ಗಾರೆ ಪೂರ್ತಿ ಒಣಗಿರದಿದ್ದರೆ ಲೇಪನ ಗುಳ್ಳೆ ಏಳುತ್ತದೆ. ಮೇ ತಿಂಗಳ ಮಧ್ಯಾಹ್ನ ಕಾದ ಸ್ಲ್ಯಾಬಿನ ಮೇಲೆ ಹಚ್ಚಿದರೆ ಅಂಟುವ ಮುನ್ನವೇ ಒಣಗಿ ಸಿಪ್ಪೆ ಬಿಡುತ್ತದೆ. ಫೆಬ್ರುವರಿಯಿಂದ ಏಪ್ರಿಲ್ ನಡುವೆ, ಬೆಳಿಗ್ಗೆ 10 ಗಂಟೆಯೊಳಗೆ ಮುಗಿಸುವುದು ಕ್ಷೇಮ. ಅಂಗಡಿಯವರು ಕೈಗಿಡುವ "ಹತ್ತು ವರ್ಷ ಗ್ಯಾರಂಟಿ"ಯ ಅಗ್ಗದ ಡಬ್ಬಿಗಳಲ್ಲಿ ಹಲವು ಬಿಳಿ ಬಣ್ಣಕ್ಕಿಂತ ಹೆಚ್ಚೇನಲ್ಲ. ಒಂದು ಲೀಟರಿಗೆ ಎಷ್ಟು ಚದರ ಅಡಿ ಎಂದು ಡಬ್ಬಿಯ ಮೇಲೆ ಓದಿ, ನಿಮ್ಮ ಮಾಳಿಗೆಗೆ ಬೇಕಾದಷ್ಟು ಲೀಟರ್ ನಿಜಕ್ಕೂ ಖರ್ಚಾಯಿತೇ ಎಂದು ಖಾಲಿ ಡಬ್ಬಿ ಎಣಿಸಿ, ಏಕೆಂದರೆ ನೀರು ಹೆಚ್ಚು ಬೆರೆಸಿ ಡಬ್ಬಿ ಉಳಿಸುವ ಕೈಗಳೂ ಇವೆ. ವಿಜಯಪುರ, ಬಾಗಲಕೋಟೆಯವರಿಗೆ ಮಳೆಗಿಂತ ಬಿಸಿಲಿನ ಕಾಟ ಹೆಚ್ಚು. ಅಲ್ಲಿ ಕಪ್ಪು ಡಾಂಬರು ಹಾಳೆ ಹಾಸಿದರೆ ಮೇಲಿನ ಮನೆ ಭಟ್ಟಿಯಾಗುತ್ತದೆ, ಬಿಳಿ ಲೇಪನವನ್ನೇ ಆರಿಸಿ.

ಚಾವಣಿಯ ಕೆಳಭಾಗದಲ್ಲಿ ತುಕ್ಕು ಹಿಡಿದ ಕಬ್ಬಿಣ ಕಂಡರೆ ಅದರ ಮೇಲೆ ಗಿಲಾವು ಬಳಿದು ಮುಚ್ಚಬೇಡಿ. ಸಡಿಲ ಕಾಂಕ್ರೀಟು ತೆಗೆಸಿ, ತಂತಿ ಬ್ರಷ್ಷಿನಿಂದ ಕಬ್ಬಿಣ ಹೊಳೆಯುವ ತನಕ ಉಜ್ಜಿಸಿ, ತುಕ್ಕುನಿರೋಧಕ ಹಚ್ಚಿದ ಮೇಲೆಯೇ ಪಾಲಿಮರ್ ಗಾರೆ. ಕಾಲಂ, ಬೀಮ್‌ಗಳಲ್ಲಿ ಕಬ್ಬಿಣದ ಗುಂಟ ಬಿರುಕು ಕಂಡರೆ ಗೌಂಡಿಯ ಮಾತು ಸಾಲದು, ಎಂಜಿನಿಯರರ ಶುಲ್ಕ ಕೊಡಿ.

ಮೂರನೆಯ ಹೆಜ್ಜೆ: ನೀರು

ತುಕ್ಕು ಹಿಡಿದ ಜಿಐ (ಸತು ಲೇಪಿತ ಕಬ್ಬಿಣದ) ಕೊಳವೆಗಳನ್ನು ಸಿಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕೊಳವೆಗಳಿಗೆ ಬದಲಿಸಿ, ಅದೂ ಗೋಡೆಯ ಹೊರಗಿನಿಂದ, ನಾಳೆ ಸೋರಿದರೆ ಕಾಣುವಂತೆ. ಟ್ಯಾಂಕು ತುಂಬಿದೊಡನೆ ಪಂಪು ನಿಲ್ಲಿಸುವ ಸ್ವಯಂಚಾಲಿತ ಸ್ವಿಚ್ ಹಾಕಿಸಿ.

ನಾಲ್ಕನೆಯ ಹೆಜ್ಜೆ: ವಿದ್ಯುತ್ತು

ಎರಡು ಮನೆಗಳಿಗೆ ಒಂದೇ ಮೀಟರ್ ಇದ್ದರೆ ಹೆಸ್ಕಾಂಗೆ ಅರ್ಜಿ ಹಾಕಿ ಬೇರೆ ಮಾಡಿಸಿ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ, ಬಾಡಿಗೆದಾರರೂ ತಮ್ಮ ಮನೆಯ ಆರ್.ಆರ್. ಸಂಖ್ಯೆಗೆ ನೋಂದಾಯಿಸಿಕೊಂಡು ಅದರ ಲಾಭ ಪಡೆಯಬಹುದಾದ್ದರಿಂದ, ಮನೆ ನೋಡಲು ಬಂದವರು ಮೊದಲು ಕೇಳುವುದೇ ಪ್ರತ್ಯೇಕ ಮೀಟರ್ ಇದೆಯೇ ಎಂದು. ಹಳೆಯ ಕಿಟ್‌ಕ್ಯಾಟ್ ಫ್ಯೂಸ್ ತೆಗೆದು ಹೊರೆ ಹೆಚ್ಚಾದರೆ ತಾನೇ ಕಡಿಯುವ ಎಂಸಿಬಿ ಮತ್ತು ವಿದ್ಯುತ್ತು ಸೋರಿದೊಡನೆ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕೂರಿಸಿ, ಗೀಸರಿಗೆ 4 ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆಸಿ. ಬಾಡಿಗೆ ಮನೆಗಳ ಒಳಗೆ ದುಬಾರಿ, ಕಡಿಮೆ ವಿದ್ಯುತ್ತಿನ ಫ್ಯಾನ್ ಹಾಕಿಸುವುದನ್ನು ನಾನು ಒಪ್ಪುವುದಿಲ್ಲ: ಖರ್ಚು ನಿಮ್ಮದು, ಉಳಿತಾಯ ಬಾಡಿಗೆದಾರರದ್ದು. ನಿಮ್ಮ ಮೀಟರಿನಲ್ಲಿ ಉರಿಯುವ ಮೆಟ್ಟಿಲ ದೀಪಗಳಿಗೆ ಮಾತ್ರ ಎಲ್‌ಇಡಿ ಹಾಕಿಸಿ.

ಐದನೆಯ ಹೆಜ್ಜೆ: ಮನೆಯೊಳಗೆ

8,000 ರೂಪಾಯಿ ಬಾಡಿಗೆಯ ಮನೆ ಟೈಲ್ಸ್ ಕೆಲಸಕ್ಕೆಂದು ಎರಡು ತಿಂಗಳು ಖಾಲಿ ಬಿದ್ದರೆ 16,000 ಹೋಯಿತು. ಅನಂತರ ತಿಂಗಳಿಗೆ 500 ಹೆಚ್ಚು ಬಂದರೂ ಅಷ್ಟನ್ನು ತುಂಬಿಕೊಳ್ಳಲು 32 ತಿಂಗಳು ಬೇಕು, ಟೈಲ್ಸಿನ ಬೆಲೆ ಬೇರೆ. ಹಳೆಯ ಶಹಾಬಾದ ಫರಸಿಯನ್ನು ಕೀಳಿಸಲೇಬೇಡಿ. ಸಂದು ತುಂಬಿಸಿ ಉಜ್ಜಿಸಿದರೆ ಅದರಷ್ಟು ತಂಪಾದ ನೆಲ ಬೇರೊಂದಿಲ್ಲ. ಊದಿದ ಬಚ್ಚಲ ಬಾಗಿಲಿಗೆ ಪಿವಿಸಿ ಬಾಗಿಲು, ಕಿಟಕಿಗೆ ಸೊಳ್ಳೆ ಜಾಲರಿ, ಅಡುಗೆಕಟ್ಟೆಗೆ ಕಡಪಾ ಕಲ್ಲು: ಮನೆ ಬೇಗ ತುಂಬಲು ಇಷ್ಟು ಸಾಕು.

ರಸೀದಿಗಳನ್ನು ಇಟ್ಟುಕೊಳ್ಳಿ, ಆದರೆ ಆದಾಯ ತೆರಿಗೆಯಲ್ಲಿ ದುರಸ್ತಿಗೆಂದು ಬೇರೆ ವಿನಾಯಿತಿ ಸಿಗುವುದೆಂದು ಲೆಕ್ಕ ಹಾಕಬೇಡಿ. ಬಾಡಿಗೆಯಿಂದ ಪಾಲಿಕೆಯ ತೆರಿಗೆ ಕಳೆದು ಉಳಿದದ್ದರಲ್ಲಿ ಶೇ 30ರಷ್ಟನ್ನು ಎಲ್ಲರಿಗೂ ಕಳೆಯುತ್ತಾರೆ, ನೀವು ಒಂದು ರೂಪಾಯಿ ಖರ್ಚು ಮಾಡಿರಲಿ, ಒಂದು ಲಕ್ಷ ಮಾಡಿರಲಿ.

ಕೊನೆಯ ಹೆಜ್ಜೆ: ಬಣ್ಣ

ದುರಸ್ತಿಯಾದ ಮಾಳಿಗೆ ಒಂದು ಮಳೆಗಾಲವನ್ನು ಕಳೆಯಲಿ. ಪೆನ್ಸಿಲ್ ಗೆರೆಗಳನ್ನು ಅಲ್ಲಿಯ ತನಕ ಅಳಿಸಬೇಡಿ. ಕಲೆ ಗೆರೆಯೊಳಗೇ ಒಣಗಿದ್ದರೆ ದೀಪಾವಳಿ ಕಳೆದ ಮೇಲೆ ಬಣ್ಣದವರನ್ನು ಕರೆಸಿ. ಅಲ್ಲಿಂದ ಮುಂದೆ ಪ್ರತಿ ವರ್ಷ ಮೇ ಕೊನೆಯ ವಾರ, ಮಾಳಿಗೆಯ ಕೊಳವೆ ಬಾಯಿಗಳ ಜಾಲರಿ ಎತ್ತಿ, ಒಣಗಿದ ಎಲೆ, ಪಾರಿವಾಳದ ಗೂಡಿನ ಕಡ್ಡಿ ತೆಗೆದು, ಎರಡು ಕೊಡ ನೀರು ಸುರಿದು ಕೆಳಗೆ ಬೀಳುವುದನ್ನು ನೀವೇ ನಿಂತು ನೋಡಿ.