ಜಾಲಂಧ್ರದ ತೂತುಗಳ ಲೆಕ್ಕ: ಮೂರು ಆಯಾಮದ ಮಾದರಿಯಲ್ಲಿ ಟೊಪಾಲಜಿ

ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲಿರುವಂಥ ಕಲ್ಲಿನ ಜಾಲಂಧ್ರವನ್ನು (ತೂತು ಕೊರೆದ ಕಿಟಕಿ) ಫೋಟೊಗಳಿಂದ ಮೂರು ಆಯಾಮದ ಮಾದರಿ ಮಾಡಿದಾಗ, ಕಣ್ಣಿಗೆ ಎಲ್ಲ ಸರಿ ಕಂಡರೂ ಒಂದೆರಡು ತೂತು ಒಳಗೇ ಮುಚ್ಚಿಹೋಗಿರುತ್ತವೆ. ಅದನ್ನು ಹಿಡಿಯಲು ಪಿಎಚ್.ಡಿ ಕೆಲಸದಲ್ಲಿ ನಾನು ನೆಚ್ಚಿಕೊಂಡಿರುವುದು ಟೊಪಾಲಜಿಯ (ಎಳೆದು ಬಗ್ಗಿಸಿದರೂ ಬದಲಾಗದ ಗುಣಗಳ ಗಣಿತ) ಆಯ್ಲರ್ ಸಂಖ್ಯೆಯನ್ನು: ಮೇಲ್ಮೈಯ ಶೃಂಗಗಳ (ಮೂಲೆಬಿಂದುಗಳ) ಎಣಿಕೆಯಿಂದ ಅಂಚುಗಳನ್ನು ಕಳೆದು ತ್ರಿಕೋನಗಳನ್ನು ಕೂಡಿದರೆ ಬರುವ ಸಂಖ್ಯೆ.

ಮೊದಲು ಫೋಟೊ. ನೇರ ಎದುರಿನಿಂದ ತೆಗೆದರೆ ತೂತಿನ ಒಳಮೈ ಸಿಗುವುದಿಲ್ಲ. ನಾಲ್ಕೂ ಕಡೆಯಿಂದ 30ರಿಂದ 45 ಡಿಗ್ರಿ ಓರೆಯಾಗಿಯೂ ತೆಗೆಯುತ್ತೇನೆ. ಅಕ್ಕಪಕ್ಕದ ಫೋಟೊಗಳಲ್ಲಿ ಶೇ 70–80ರಷ್ಟು ಭಾಗ ಒಂದೇ ಇರಬೇಕು. ಗುಡಿಯೊಳಗಿನಿಂದ ತೆಗೆಯುವಾಗ ಹೊರಗಿನ ಬಿಸಿಲು ತೂತಿನ ಅಂಚನ್ನು ತಿಂದುಹಾಕುತ್ತದೆ, ಮೋಡದ ಹೊತ್ತೇ ವಾಸಿ.

ಫೋಟೊಗಳಿಂದ ಸಿಕ್ಕ ಬಿಂದುಗಳಿಂದ ಪ್ವಾಸೊನ್ ವಿಧಾನದಲ್ಲಿ ಮೇಲ್ಮೈ ಕಟ್ಟುವಾಗ, ಜಾಗವನ್ನು ಎಷ್ಟು ಸಲ ಅರ್ಧರ್ಧ ಮಾಡಬೇಕು ಎಂದು ಹೇಳುವ 'ಆಳ'ವನ್ನು 8 ಇಟ್ಟರೆ ಬದಿಗೆ 256 ಮನೆ (ಚಿಕ್ಕ ಘನ). 1.2 ಮೀಟರ್ ಕಿಟಕಿಗೆ ಒಂದು ಮನೆ ಸುಮಾರು 5 ಮಿ.ಮೀ., ಅಂದರೆ 15 ಮಿ.ಮೀ. ತೂತಿಗೆ ಮೂರೇ ಮನೆ. ಅಂಥದ್ದು ಸುಲಭವಾಗಿ ತುಂಬಿಹೋಗುತ್ತದೆ. ಆಳ 10ಕ್ಕೆ ಮನೆ ಸುಮಾರು 1.3 ಮಿ.ಮೀ.ಗೆ ಇಳಿಯುತ್ತದೆ.

ಈ ವಿಧಾನ ಬಿಂದುಗಳಿಲ್ಲದ ಕಡೆಯೂ ಕಟ್ಟುವ ಹೆಚ್ಚುವರಿ ಮೇಲ್ಮೈಯನ್ನು ಆಮೇಲೆ ಕತ್ತರಿಸಿದಾಗ ಚೌಕಟ್ಟಿನ ಮುಂದೊಂದು, ಹಿಂದೊಂದು ತೆರೆದ ಅಂಚು ಉಳಿಯುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. 'ಕ್ಲೋಸ್ ಹೋಲ್ಸ್' (ತೆರೆದ ಅಂಚು ಮುಚ್ಚುವ ಆಜ್ಞೆ) ಒತ್ತಿದರೆ ಎರಡಕ್ಕೂ ಬೇರೆ ಬೇರೆ ಮುಚ್ಚಳ ಬೀಳುತ್ತದೆ. ಆಗ ಸಿಗುವುದು ನಳಿಗೆಗಳಿಂದ ಜೋಡಿಸಿದ ಎರಡು ಗೋಲಗಳಂಥ ಆಕಾರ. 20 ತೂತಿನ ಜಾಲಂಧ್ರದ ಜೀನಸ್ (ಆರಪಾರ ತೂತುಗಳ ಎಣಿಕೆ) 19 ಎಂದು ಬರುತ್ತದೆ. ಬ್ಲೆಂಡರ್ ತಂತ್ರಾಂಶದ 'ಬ್ರಿಡ್ಜ್ ಎಡ್ಜ್ ಲೂಪ್ಸ್'ನಿಂದ ಎರಡೂ ಅಂಚುಗಳನ್ನು ಒಂದು ಪಟ್ಟಿಯಾಗಿ ಬೆಸೆದರೆ 20 ಬರುತ್ತದೆ.

ಮುಚ್ಚಿದ ತ್ರಿಕೋನ ಮೆಶ್‌ನಲ್ಲಿ (ತ್ರಿಕೋನಗಳಿಂದ ಹೆಣೆದ ಮೇಲ್ಮೈಯಲ್ಲಿ) ಪ್ರತಿ ಅಂಚು ಎರಡು ತ್ರಿಕೋನಗಳಿಗೆ ಸೇರಿದ್ದು. ಹಾಗಾಗಿ ಶೃಂಗಗಳ ಸಂಖ್ಯೆಯಿಂದ ತ್ರಿಕೋನಗಳ ಅರ್ಧವನ್ನು ಕಳೆದರೆ ಸಾಕು, ಆಯ್ಲರ್ ಸಂಖ್ಯೆ ಕೈಗೆ ಸಿಕ್ಕಿತು. ತೂತಿಲ್ಲದ ಮುಚ್ಚಿದ ಆಕಾರಕ್ಕೆ ಅದು 2, ಪ್ರತಿ ತೂತಿಗೂ 2 ಕಡಿಮೆಯಾಗುತ್ತದೆ. ಹಾಗಾಗಿ 20 ತೂತಿಗೆ ಅದು 2 − 40 = −38. ತ್ರಿಕೋನ 2,00,000 ಇದ್ದರೆ ಶೃಂಗ 99,962 ಇರಬೇಕು. 99,964 ಬಂದರೆ ಒಂದು ತೂತು ಮುಚ್ಚಿದೆ. ಆಯ್ಲರ್ ಸಂಖ್ಯೆ ಬೆಸ ಬಂದರೆ ಮೆಶ್ ಎಲ್ಲೋ ಹರಿದಿದೆ, ಅಥವಾ ಒಂದೇ ಅಂಚಿಗೆ ಮೂರು ತ್ರಿಕೋನ ಅಂಟಿವೆ.

ಆದರೆ −38 ಬಂದ ಕೂಡಲೇ ನಂಬಬೇಡಿ. ಗಾಳಿಯಲ್ಲಿ ತೇಲುವ ಒಂದು ಪುಟ್ಟ ಮುಚ್ಚಿದ ತುಣುಕು ಲೆಕ್ಕಕ್ಕೆ 2 ಸೇರಿಸುತ್ತದೆ, ಫೋಟೊದ ಗದ್ದಲದಿಂದ ಹುಟ್ಟಿದ ಸುಳ್ಳು ಸುರಂಗ 2 ಕಳೆಯುತ್ತದೆ. ಎರಡು ತಪ್ಪು ಸೇರಿ ಸರಿಯಾದ ಉತ್ತರ ಕೊಡುತ್ತವೆ. ಅದಕ್ಕೇ ಮೆಶ್‌ಲ್ಯಾಬ್ ತಂತ್ರಾಂಶದಲ್ಲಿ ಬಿಡಿ ತುಣುಕುಗಳನ್ನು ತೆಗೆದ ಮೇಲೆಯೇ ಎಣಿಸುತ್ತೇನೆ. ತ್ರಿಕೋನಗಳ ಸಂಖ್ಯೆಯನ್ನು ಇಳಿಸುವಾಗ 'ಪ್ರಿಸರ್ವ್ ಟೊಪಾಲಜಿ' ಗುರುತು ಹಾಕಿ, ಇಳಿಸಿದ ಬಳಿಕ ಇನ್ನೊಮ್ಮೆ ಎಣಿಸುತ್ತೇನೆ.